ಮುಟ್ಟಿದ್ದೆಲ್ಲ ಫೌಲ್ ಅಲ್ಲ: ಬ್ಯಾಸ್ಕೆಟ್‌ಬಾಲ್‌ನಲ್ಲಿ ಯಾವುದಕ್ಕೆ ಸೀಟಿ, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾನು ಜಮಖಂಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ತಾಲೂಕು, ಜಿಲ್ಲಾ ಮಟ್ಟದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತೇನೆ. ನಿಯಮ ಪುಸ್ತಕ ಓದಿದ್ದೇನೆ. ಆದರೂ ಯಾವ ತಾಗುವಿಕೆಗೆ ಸೀಟಿ ಊದಬೇಕು, ಯಾವುದನ್ನು ಬಿಡಬೇಕು ಅನ್ನೋದು ಗೊಂದಲ. ಎಲ್ಲದಕ್ಕೂ ಊದಿದರೆ ಆಟ ಮುಂದಕ್ಕೇ ಹೋಗುವುದಿಲ್ಲ. ಬಿಟ್ಟರೆ ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಈಚೆಗೆ ಹುಡುಗಿಯರ ಪಂದ್ಯವೊಂದರಲ್ಲಿ ಕೊನೇ ನಿಮಿಷ, ಸ್ಕೋರ್ ಸಮ. ಒಬ್ಬಳು ನುಗ್ಗಿ ಬಂದು ಲೇ-ಅಪ್‌ಗೆ (ರಿಂಗ್ ಹತ್ತಿರ ಓಡಿ ಬಂದು ನೆಗೆದು ಹಾಕುವ ಶಾಟ್) ನೆಗೆದಳು. ಎದುರಿಗಿದ್ದ ಎತ್ತರದ ಹುಡುಗಿ ಎರಡೂ ಕೈ ಮೇಲೆತ್ತಿ ನಿಂತಲ್ಲೇ ನೆಗೆದಳು. ಮೈಗೆ ಮೈ ತಾಗಿತು. ನುಗ್ಗಿ ಬಂದವಳು ಬಿದ್ದಳು, ಬಾಲ್ ರಿಂಗ್‌ಗೆ ಬಡಿದು ಆಚೆ ಹೋಯಿತು. ನಾನು ಸೀಟಿ ಊದಲಿಲ್ಲ. ದೊಡ್ಡ ಗಲಾಟೆ ಆಯಿತು. ನಾನು ಮಾಡಿದ್ದು ಸರಿಯೇ?

ಉತ್ತರ: ನೀವು ಬರೆದ ಹಾಗೇ ನಡೆದಿದ್ದರೆ, ಸರಿ. ಡಿಫೆಂಡರ್ ನಿಂತ ಜಾಗದಿಂದ ನೇರ ಮೇಲಕ್ಕೆ ನೆಗೆದಿದ್ದಾಳೆ, ಕೈ ನೆಟ್ಟಗೆ ಮೇಲಿವೆ. ಹಾಗಾದರೆ ಅವಳ ಮೇಲೆ ಫೌಲ್ ಇಲ್ಲ. ಯಾರು ಬಿದ್ದರು ಅನ್ನೋದು ಲೆಕ್ಕಕ್ಕೆ ಬರುವುದಿಲ್ಲ. ಕೊನೇ ನಿಮಿಷ ಅನ್ನೋದೂ ಲೆಕ್ಕಕ್ಕಿಲ್ಲ.

ಆದರೆ ನಿಮ್ಮ ನಿಜವಾದ ಪ್ರಶ್ನೆ ಆ ಒಂದು ಸಲದ್ದಲ್ಲ ಅಂತ ನನಗೆ ಅನಿಸುತ್ತದೆ. ಯಾವುದಕ್ಕೆ ಊದಬೇಕು, ಯಾವುದನ್ನು ಬಿಡಬೇಕು ಅನ್ನೋದಕ್ಕೆ ಒಂದು ಆಧಾರ ಬೇಕು ನಿಮಗೆ. ಆಧಾರ ನಿಯಮದಲ್ಲೇ ಇದೆ. ನಾವು ಫೌಲ್‌ಗಳ ಪಟ್ಟಿ ಓದುತ್ತೇವೆ, ರೆಫ್ರಿಯ ಕರ್ತವ್ಯದ ಭಾಗ ಬಂದಾಗ ಪುಟ ತಿರುಗಿಸಿಬಿಡುತ್ತೇವೆ.

ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಫೆಡರೇಶನ್) ನಿಯಮ ಮೊದಲೇ ಒಪ್ಪಿಕೊಳ್ಳುತ್ತದೆ: 10 ಜನ ಇಷ್ಟು ಚಿಕ್ಕ ಜಾಗದಲ್ಲಿ ಜೋರಾಗಿ ಓಡಾಡುವಾಗ ಮೈ ತಾಗದೇ ಇರಲು ಸಾಧ್ಯವಿಲ್ಲ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಆಟ ಹೆಚ್ಚಾಗಿ ಅರ್ಧ ಅಂಕಣದಲ್ಲೇ ನಡೆಯುತ್ತದೆ. ಹಾಗಾಗಿ ರೆಫ್ರಿ ತಾಗುವಿಕೆಯನ್ನು ತೂಗಿ ನೋಡಬೇಕು ಅಂತ ನಿಯಮ ಹೇಳುತ್ತದೆ. ತಾಗಿಸಿದವನಿಗೆ ಲಾಭ ಆಯಿತಾ? ತಾಗಿಸಿಕೊಂಡವನಿಗೆ ನಷ್ಟ ಆಯಿತಾ? ಎರಡೂ ಇಲ್ಲದಿದ್ದರೆ ಸುಮ್ನೆ ಆಟ ನಿಲ್ಲಿಸಬಾರದು. ಇದು ರೆಫ್ರಿಗೆ ಕೊಟ್ಟ ರಿಯಾಯಿತಿಯಲ್ಲ, ಅವನ ಕೆಲಸದ ಭಾಗ. ಊದದೇ ಬಿಡುವುದು ಕೂಡ ಒಂದು ತೀರ್ಪು. ನೋಡಿ, ತೂಗಿ, ಬಿಟ್ಟಿರಬೇಕು. ನೋಡದೇ ಬಿಟ್ಟದ್ದು ತೀರ್ಪಲ್ಲ.

ಮೊದಲಿನಿಂದಲೂ ಈ ಆಟದ ದಾರಿ ಹೀಗೇ ಇದೆ. ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಬರೆದ 13 ನಿಯಮಗಳಲ್ಲಿ ಐದನೆಯದು, ಎದುರಾಳಿಯನ್ನು ಭುಜದಿಂದ ಗುದ್ದುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ಕೂಡದು ಅಂತ ಹೇಳುತ್ತದೆ. ಗಮನಿಸಿ, ಬರೀ ಮುಟ್ಟುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಲಾಭ-ನಷ್ಟ ಅಂತ ಹೇಳುವುದು ಸುಲಭ. ಅರ್ಧ ಸೆಕೆಂಡಿನಲ್ಲಿ ಅದನ್ನು ಹೇಗೆ ಅಳೆಯೋದು? ರೆಫ್ರಿಗಳು ನಾಲ್ಕು ಸಂಗತಿ ನೋಡುತ್ತಾರೆ: ಓಟದ ವೇಗ, ಥಟ್ಟನೆ ತಿರುಗುವ ಚುರುಕು, ಬ್ಯಾಲೆನ್ಸ್, ಆಟದ ಲಯ. ತಾಗಿದ ಮೇಲೆ ಈ ನಾಲ್ಕರಲ್ಲಿ ಒಂದಾದರೂ ಕೆಟ್ಟಿತಾ? ಕೆಟ್ಟಿದ್ದರೆ ಫೌಲ್. ಕೆಡದಿದ್ದರೆ ಆಟ ನಡೆಯಲಿ.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಗಾರ್ಡ್, ಅಂದರೆ ಬಾಲ್ ಒಯ್ಯುವ ಆಟಗಾರ, ಬಲಗೈಯಲ್ಲಿ ಡ್ರಿಬಲ್ ಮಾಡುತ್ತ (ಬಾಲ್ ಪುಟಿಸುತ್ತ) ಬಲಗಡೆಯಿಂದ ಒಳಗೆ ನುಗ್ಗುತ್ತಾನೆ. ಡಿಫೆಂಡರ್ ಅರ್ಧ ಹೆಜ್ಜೆ ಹಿಂದೆ ಬಿದ್ದಿದ್ದಾನೆ. ಅವನ ಅಂಗೈ ಗಾರ್ಡ್‌ನ ಸೊಂಟಕ್ಕೆ ತಾಗುತ್ತದೆ. ಗಾರ್ಡ್ ಮುಂದಿನ ಹೆಜ್ಜೆ ಅದೇ ದಿಕ್ಕಿಗೆ, ಅದೇ ಉದ್ದಕ್ಕೆ ಇಡುತ್ತಾನೆ. ಬಾಲ್ ಅಷ್ಟೇ ಎತ್ತರಕ್ಕೆ ಪುಟಿದು ಕೈಗೆ ಬರುತ್ತದೆ. ಎರಡು ಹೆಜ್ಜೆ, ಲೇ-ಅಪ್. ಇಲ್ಲಿ ಊದಿದರೆ ನಷ್ಟ ಆಗುವುದು ದಾಳಿ ಮಾಡಿದವನಿಗೇ. ಅವನು ಡಿಫೆಂಡರ್‌ನನ್ನು ಸೋಲಿಸಿ ಆಗಿದೆ. ನೀವು ಬಾಲ್ ಕಿತ್ತುಕೊಂಡು ಸೈಡ್‌ಲೈನ್‌ಗೆ ಒಯ್ದು ಕೊಟ್ಟಂತೆ ಆಗುತ್ತದೆ. ಈಗ ಅದೇ ಜಾಗ, ಅದೇ ಅಂಗೈ. ಆದರೆ ಕೈ ತಾಗಿ ಹಿಂದೆ ಸರಿಯಲಿಲ್ಲ, ಅಲ್ಲೇ ಒತ್ತಿಕೊಂಡು ನಿಂತಿತು. ಗಾರ್ಡ್‌ನ ಭುಜ ಸೈಡ್‌ಲೈನ್ ಕಡೆ ತಿರುಗಿತು. ರಿಂಗ್ ಕಡೆ ಬೀಳಬೇಕಿದ್ದ ಹೆಜ್ಜೆ ಮೂಲೆ ಕಡೆ ಬಿತ್ತು. ಮುಂದಿನ ಡ್ರಿಬಲ್ ಮೊಣಕಾಲಿಗಿಂತ ಕೆಳಗೆ, ಮೈಯಿಂದ ದೂರ. ಇದು ಫೌಲ್. ನೂರು ಜನ ಕೂಗಿದರೂ ಫೌಲ್, ಯಾರೂ ಕೂಗದಿದ್ದರೂ ಫೌಲ್.

ಎರಡನೇ ಸಲ ನೀವು ಗಮನಿಸಬೇಕಾದದ್ದು ಪಾದ ಮತ್ತು ಭುಜ. ಕೈಯನ್ನೇ ದಿಟ್ಟಿಸುವ ರೆಫ್ರಿಗೆ ತಾಗಿದ್ದು ಕಾಣುತ್ತದೆ, ತಾಗಿದ ಮೇಲೆ ಏನಾಯಿತು ಅನ್ನೋದು ಕಾಣುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಡಿಫೆಂಡರ್ ಕೈಯನ್ನು ಎದುರಾಳಿಯ ಮೇಲೆ ಇಟ್ಟು ಅಲ್ಲೇ ಬಿಟ್ಟು ಅವನ ಓಟಕ್ಕೆ ಅಡ್ಡಿ ಮಾಡಿದರೆ ಅದು ಕೈಯ ಅಕ್ರಮ ಬಳಕೆ. ಮತ್ತೆ ಮತ್ತೆ ಚುಚ್ಚಿದ ಹಾಗೆ ಮುಟ್ಟುತ್ತಿದ್ದರೂ ಫೌಲ್, ಯಾಕೆಂದರೆ ಅದು ಒರಟಾಟಕ್ಕೆ ದಾರಿ ಮಾಡುತ್ತದೆ. ಇದೂ ಫಿಬಾ ನಿಯಮದಲ್ಲೇ ಇದೆ. ಲಾಭ-ನಷ್ಟ ನೋಡುತ್ತೇನೆ ಅಂತ ಡ್ರಿಬಲ್ ಮಾಡುವವನ ಮೈಮೇಲೆ ಆಡುವ ಕೈಗಳನ್ನು ಬಿಟ್ಟುಬಿಡಬೇಡಿ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಇದು ಜಾಸ್ತಿ ಬೇಕು. ನಮ್ಮ ಹುಡುಗರಲ್ಲಿ ಬಹಳ ಜನ ಮೊದಲು ಕಬಡ್ಡಿ ಆಡಿದವರು, ಕೆಲವರು ಗರಡಿಯ ಮಣ್ಣು ಮುಟ್ಟಿದವರು. ಎದುರಾಳಿ ಪಕ್ಕದಿಂದ ದಾಟಿದ ಕೂಡಲೇ ಅವರ ತೋಳು ತಾನಾಗಿಯೇ ಸೊಂಟದ ಸುತ್ತ ಹೋಗುತ್ತದೆ. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿಯುವುದೇ ಆಟ. ಅವರಲ್ಲಿ ಕೆಟ್ಟ ಉದ್ದೇಶ ಇಲ್ಲ. ಆದರೆ ಉದ್ದೇಶ ಇಲ್ಲದಿದ್ದರೂ ಹಿಡಿದದ್ದು ಹಿಡಿದದ್ದೇ. ಮೊದಲ ಕ್ವಾರ್ಟರಿನ ಮೊದಲ ಎರಡು ಮೂರು ನಿಮಿಷದಲ್ಲೇ ಈ ಕೈಗಳಿಗೆ ಊದಿ. ಜಾಣ ಮಕ್ಕಳು ಅವರು, ಬೇಗ ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ಮೂರನೇ ಕ್ವಾರ್ಟರಿನಲ್ಲಿ ಶುರು ಮಾಡಿದರೆ ಮಾತ್ರ ಜಗಳ.

ಈಗ ಡಿಫೆಂಡರ್ ಹಕ್ಕಿಗೆ ಬರೋಣ. ನಿಮ್ಮ ಪಂದ್ಯದ ಗಲಾಟೆಯ ಬೇರು ಇರುವುದು ಇಲ್ಲಿ. ಜೋರಾಗಿ ಡಿಕ್ಕಿ ಆದರೆ ಯಾರ ಮೇಲಾದರೂ ಫೌಲ್ ಇರಲೇಬೇಕು ಅಂತ ಪ್ರೇಕ್ಷಕರು ನಂಬಿದ್ದಾರೆ. ಕೆಲವು ಕೋಚ್‌ಗಳೂ ಹಾಗೇ. "ಸರ, ಇಲ್ಲಾ ಬ್ಲಾಕ್ ಕೊಡ್ರಿ, ಇಲ್ಲಾ ಚಾರ್ಜ್ ಕೊಡ್ರಿ, ಸುಮ್ನ ನಿಂತರ ಹೆಂಗ?" ಅಂತ ಕೇಳುತ್ತಾರೆ. ಬ್ಲಾಕ್ ಅಂದರೆ ಡಿಫೆಂಡರ್ ತಪ್ಪು, ಚಾರ್ಜ್ ಅಂದರೆ ನುಗ್ಗಿ ಬಂದವನ ತಪ್ಪು. ಮೂರನೇ ಉತ್ತರವೂ ಇದೆ. ಇಬ್ಬರೂ ತಮ್ಮ ತಮ್ಮ ಹಕ್ಕಿನಲ್ಲೇ ಆಡಿದ್ದಾರೆ, ತಾಗಿದೆ, ಯಾರ ತಪ್ಪೂ ಇಲ್ಲ. ಆಟ ನಡೆಯಲಿ.

ಪ್ರತಿ ಆಟಗಾರನಿಗೂ ಅಂಕಣದ ಮೇಲೆ ಒಂದು ಸಿಲಿಂಡರ್ ಇದೆ ಅಂತ ನಿಯಮ ಕಲ್ಪಿಸಿಕೊಳ್ಳುತ್ತದೆ. ಡಿಫೆಂಡರ್‌ಗೆ ಮುಂದೆ ಅಂಗೈವರೆಗೆ, ಹಿಂದೆ ಕುಂಡೆಯವರೆಗೆ, ಪಕ್ಕಕ್ಕೆ ಕೈಕಾಲಿನ ಹೊರ ಅಂಚಿನವರೆಗೆ. ಮುಂದೆ ಚಾಚಿದ ಕೈ ಪಾದ ಮತ್ತು ಮೊಣಕಾಲು ಇರುವ ಜಾಗ ದಾಟಬಾರದು, ಮೊಣಕೈ ಮಡಚಿರಬೇಕು. ಈ ಸಿಲಿಂಡರ್ ಮೇಲಕ್ಕೂ ಹೋಗುತ್ತದೆ. ಅಂದರೆ ಅವನು ಅದರೊಳಗೆ ನೇರ ನೆಗೆಯಬಹುದು, ಕೈ ಮೇಲೆತ್ತಬಹುದು. ಅಲ್ಲಿಗೆ ಬಂದು ಡಿಕ್ಕಿ ಹೊಡೆದವನು ಅದರ ಹೊಣೆ ಹೊರಬೇಕು. ದಾಳಿ ಮಾಡುವವನಿಗೂ ಇಂಥದೇ ಸಿಲಿಂಡರ್ ಇದೆ. ಬಾಲ್ ಹಿಡಿದು ನಿಂತವನಿಗೆ ಡಿಫೆಂಡರ್ ಅಂಟಿಕೊಂಡು ನಿಂತು ಅವನು ಮಾಮೂಲಿ ಆಟ ಆಡದ ಹಾಗೆ ಮಾಡಿದರೆ ಅದು ಡಿಫೆಂಡರ್ ತಪ್ಪು.

ಹಾಗಾಗಿ ರಿಂಗ್ ಕೆಳಗಿನ ಡಿಕ್ಕಿಯಲ್ಲಿ ಡಿಫೆಂಡರ್‌ನ ತೋಳು ನೋಡಿ. ಮೊಣಕೈ ಕಿವಿಯ ಪಕ್ಕದಲ್ಲಿದೆಯಾ, ಇಲ್ಲಾ ಮೂಗಿನ ಮುಂದೆ ಬಂತಾ? ತೋಳು ಮುಂದೆ ಬಾಗಿ ಶೂಟರ್‌ನ ತೋಳಿನ ಮೇಲೆ ಇಳಿದರೆ ಫೌಲ್. ಸೊಂಟ ಮುಂದೆ ತಳ್ಳಿದರೂ ಫೌಲ್. ನೆಗೆದ ಜಾಗಕ್ಕೂ ಇಳಿದ ಜಾಗಕ್ಕೂ ಅಂತರ ಇದ್ದರೆ, ಅಂದರೆ ಶೂಟರ್ ಕಡೆ ತೇಲಿ ಬಂದಿದ್ದರೆ, ಅದು ನೇರ ನೆಗೆತ ಅಲ್ಲ. ನಿಮ್ಮ ಪಂದ್ಯದ ಎತ್ತರದ ಹುಡುಗಿ ಈ ಮೂರರಲ್ಲೂ ಪಾಸಾಗಿದ್ದರೆ ನೀವು ಸುಮ್ಮನಿದ್ದದ್ದು ನೂರಕ್ಕೆ ನೂರು ಸರಿ. ಎತ್ತರದ ಮಕ್ಕಳಿಗೆ ನಮ್ಮಲ್ಲಿ ಈ ಅನ್ಯಾಯ ಬಹಳ ಆಗುತ್ತದೆ. ಕೈ ಎತ್ತಿ ನಿಂತರೂ ಫೌಲ್ ಕೊಡುತ್ತಾರೆ. ಆಮೇಲೆ ಆ ಹುಡುಗಿ ರಿಂಗ್ ಕೆಳಗೆ ನಿಲ್ಲುವುದಕ್ಕೇ ಹೆದರುತ್ತಾಳೆ. ಸರಿಯಾಗಿ ಡಿಫೆನ್ಸ್ ಕಲಿತವಳಿಗೆ ಕೊಡುವ ಶಿಕ್ಷೆ ಅದು. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಬ್ಲಾಕ್-ಚಾರ್ಜ್ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆ ಬೇರೂರಿದೆ. "ಡಿಫೆಂಡರ್ ಅಲುಗಾಡ್ತಿದ್ದ, ಅದಕ್ಕೇ ಬ್ಲಾಕ್" ಅನ್ನೋದು. ಡಿಫೆಂಡರ್ ಕಂಬದ ಹಾಗೆ ನಿಂತಿರಬೇಕು ಅಂತ ನಿಯಮ ಎಲ್ಲೂ ಹೇಳಿಲ್ಲ. ಎದುರಾಳಿಯ ಕಡೆ ಮುಖ ಇರಬೇಕು, ಎರಡೂ ಪಾದ ನೆಲದ ಮೇಲೆ ಇರಬೇಕು. ಒಮ್ಮೆ ಹಾಗೆ ಜಾಗ ಹಿಡಿದ ಮೇಲೆ ಅದನ್ನು ಉಳಿಸಿಕೊಳ್ಳಲು ಅವನು ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಹೋಗಬಹುದು, ನೇರ ನೆಗೆಯಬಹುದು. ಡಿಕ್ಕಿ ಆದಾಗ ಒಂದು ಕಾಲು ಗಾಳಿಯಲ್ಲಿದ್ದರೂ ನಡೆಯುತ್ತದೆ. ಡಿಕ್ಕಿ ಎದೆಗೆ, ಹೊಟ್ಟೆಗೆ ಆಗಿದ್ದರೆ ಡಿಫೆಂಡರ್ ಮೊದಲು ಬಂದಿದ್ದಾನೆ ಅಂತಲೇ ತಿಳಿಯಬೇಕು. ಭುಜಕ್ಕೋ ತೊಡೆಯ ಪಕ್ಕಕ್ಕೋ ಆಗಿದ್ದರೆ ಅವನು ತಡವಾಗಿ ಬಂದಿರುವ ಸಂಭವ ಜಾಸ್ತಿ.

ಬಾಲ್ ಇರುವವನ ಎದುರು ಜಾಗ ಹಿಡಿಯುವಾಗ ಸಮಯ, ದೂರದ ಲೆಕ್ಕ ಇಲ್ಲ. ಬಾಲ್ ಹಿಡಿದವನು ಯಾವ ಕ್ಷಣದಲ್ಲಾದರೂ ಎದುರಿಗೆ ಯಾರಾದರೂ ಬರಬಹುದು ಅಂತ ಸಿದ್ಧನಿರಬೇಕು. ಬಾಲ್ ಇಲ್ಲದವನ ವಿಷಯ ಬೇರೆ. ಅವನಿಗೆ ನಿಲ್ಲಲು, ತಿರುಗಲು ಜಾಗ ಬೇಕು, ಅವನ ವೇಗ ನೋಡಿ, ಕನಿಷ್ಠ ಒಂದು ಹೆಜ್ಜೆ. ಎದುರಾಳಿ ಗಾಳಿಗೆ ಏರಿದ ಮೇಲೆ ಅವನ ದಾರಿಗೆ ಯಾರೂ ಬರುವ ಹಾಗಿಲ್ಲ. ನೆಗೆದವನಿಗೆ ಇಳಿಯುವ ಹಕ್ಕಿದೆ. ಈ ಒಂದು ವಿಷಯದಲ್ಲಿ ಲಾಭ-ನಷ್ಟದ ಲೆಕ್ಕ ಹಾಕುತ್ತ ಕೂರಬೇಡಿ. ಜಂಪ್ ಶಾಟ್ ಹೊಡೆದವನ ಕಾಲ ಕೆಳಗೆ ಪಾದ ತಂದಿಟ್ಟರೆ, ಲೇ-ಅಪ್‌ಗೆ ಏರಿದವನ ಕೆಳಗೆ ಹೊಕ್ಕರೆ, ಬಾಲ್ ರಿಂಗ್‌ನೊಳಗೆ ಬಿದ್ದರೂ ಊದಲೇಬೇಕು. ನಮ್ಮ ಅಂಕಣಗಳು ಹೆಚ್ಚಿನವು ಸಿಮೆಂಟಿನವು. ಅಲ್ಲಿ ಸೊಂಟ ಕೆಳಗಾಗಿ ಬಿದ್ದ ಹುಡುಗನ ಸ್ಥಿತಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಗಾಳಿಯಲ್ಲಿದ್ದವನ ಕೆಳಗೆ ಹೋಗುವುದನ್ನು ನಿಯಮವೂ ಸಾಮಾನ್ಯವಾಗಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾ ಮನೋಭಾವಕ್ಕೆ ವಿರುದ್ಧವಾದ) ಫೌಲ್ ಅಂತಲೇ ನೋಡುತ್ತದೆ, ಕೆಲವೊಮ್ಮೆ ಹೊರಗೆ ಹಾಕುವ ತಪ್ಪು ಅಂತಲೂ. ಮುಖದ ಮಟ್ಟದಲ್ಲಿ ಬೀಸಿದ ಮೊಣಕೈಗೂ ಇದೇ ಮಾತು.

ರೀಬೌಂಡ್ (ತಪ್ಪಿದ ಶಾಟ್ ಪುಟಿದು ಬಂದಾಗ ಬಾಲ್ ಹಿಡಿಯುವುದು) ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಿಂದೆ ನಿಂತ ಎತ್ತರದ ಹುಡುಗ ಮುಂದಿನವನ ತಲೆಯ ಮೇಲಿಂದ ಕೈ ಚಾಚಿ ಬಾಲ್ ತೆಗೆದುಕೊಂಡರೆ ಅದು ಫೌಲ್ ಅಲ್ಲ. ಎತ್ತರ ತಪ್ಪಲ್ಲ. ಮುಂದಿನವನು ಜಾಗದಿಂದ ಕದಲಿದನಾ, ಅವನ ನೆಗೆತ ಕೆಟ್ಟಿತಾ, ಅಷ್ಟೇ ನೋಡಿ. ಸ್ಕ್ರೀನ್‌ನಲ್ಲೂ, ಅಂದರೆ ಜೊತೆಗಾರನಿಗೆ ದಾರಿ ಮಾಡಲು ಡಿಫೆಂಡರ್‌ಗೆ ಅಡ್ಡ ನಿಲ್ಲುವುದರಲ್ಲೂ, ಹಾಗೇ. ಬಾಲ್‌ನಿಂದ ದೂರದಲ್ಲಿ ಒಬ್ಬ ಸ್ಕ್ರೀನ್ ಇಡುವಾಗ ಚೂರು ಅಲುಗಾಡಿದ, ಆದರೆ ಡಿಫೆಂಡರ್ ಆ ಕಡೆ ಓಡುತ್ತಲೇ ಇರಲಿಲ್ಲ. ಬಿಡಿ. ಅದೇ ಅಲುಗಾಟದಿಂದ ಶೂಟರ್‌ಗೆ ಖಾಲಿ ಜಾಗ ಸಿಕ್ಕಿದರೆ ಊದಿ.

ಇಷ್ಟೆಲ್ಲ ತೂಗಬೇಕಾದರೆ ಮೊದಲು ಕಾಣಬೇಕಲ್ವಾ? ಹೆಚ್ಚಿನ ತಪ್ಪು ತೀರ್ಪು ನಿಯಮ ಗೊತ್ತಿಲ್ಲದೆ ಆಗುವುದಲ್ಲ, ನಿಂತ ಜಾಗ ಸರಿ ಇಲ್ಲದೆ ಆಗುತ್ತದೆ. ಇಬ್ಬರು ಆಟಗಾರರ ನಡುವಿನ ಸಂದು ನಿಮಗೆ ಕಾಣಬೇಕು. ಒಬ್ಬನ ಬೆನ್ನ ಹಿಂದೆ ನೇರ ಸಾಲಿನಲ್ಲಿ ನಿಂತರೆ ಅವನ ಬೆನ್ನು ಮಾತ್ರ ಕಾಣುತ್ತದೆ. ಆಗ ಒಂದು ಹೆಜ್ಜೆ ಪಕ್ಕಕ್ಕೆ ಇಡಿ, ಸಾಕು, ಸಂದು ತೆರೆದುಕೊಳ್ಳುತ್ತದೆ. ಇಬ್ಬರು ರೆಫ್ರಿ ಇದ್ದಾಗ ಒಬ್ಬ (ಲೀಡ್) ರಿಂಗ್ ಹಿಂದಿನ ಗೆರೆಯಾದ ಬೇಸ್‌ಲೈನ್‌ನಲ್ಲಿ, ಇನ್ನೊಬ್ಬ (ಟ್ರೇಲ್) ಆಟದ ಹಿಂದೆ. ಇಬ್ಬರೂ ಬಾಲ್ ನೋಡುತ್ತಿದ್ದರೆ ಉಳಿದ ಎಂಟು ಜನರನ್ನು ಯಾರೂ ನೋಡುತ್ತಿಲ್ಲ ಅಂತ ಅರ್ಥ. ಬಾಲ್ ನಿಮ್ಮ ಕಡೆ ಇದ್ದಾಗಲೂ ಕಣ್ಣು ಡಿಫೆಂಡರ್ ಮೇಲಿರಲಿ. ದಾಳಿ ಮಾಡುವವನು ಏನು ಮಾಡುತ್ತಾನೆ ಅಂತ ಹೇಗೂ ಗೊತ್ತಾಗುತ್ತದೆ. ಡಿಫೆಂಡರ್ ಮೊದಲೇ ಎಲ್ಲಿದ್ದ ಅನ್ನೋದು ಗೊತ್ತಿಲ್ಲದೆ ಬ್ಲಾಕ್ ಅಂತಲೋ ಚಾರ್ಜ್ ಅಂತಲೋ ಹೇಳಿದರೆ ಅದು ಊಹೆ. ನಿಮ್ಮ ಪಂದ್ಯದ ಆ ಕೊನೇ ನಿಮಿಷದ ಬಗ್ಗೆ ನಾನು ಕೇಳುವ ಒಂದೇ ಪ್ರಶ್ನೆ ಇದು. ನೀವು ಎಲ್ಲಿ ನಿಂತಿದ್ದಿರಿ? ಇಬ್ಬರು ಹುಡುಗಿಯರ ನಡುವಿನ ಜಾಗ ಕಂಡಿತ್ತಾ? ಕಂಡಿದ್ದರೆ ನಿಶ್ಚಿಂತೆಯಿಂದಿರಿ.

ಇನ್ನೊಂದು, ಆತುರ ಬೇಡ. ಆಟಕ್ಕೆ ಒಂದು ಶುರು ಇರುತ್ತದೆ, ಬೆಳೆಯುವ ಘಟ್ಟ ಇರುತ್ತದೆ, ಮುಕ್ತಾಯ ಇರುತ್ತದೆ. ತಾಗಿದ ಕೂಡಲೇ ಸೀಟಿ ಬಾಯಿಂದ ಹೊರಟರೆ ಪರಿಣಾಮ ನೋಡಲು ಅವಕಾಶವೇ ಇರುವುದಿಲ್ಲ. ಅರ್ಧ ಉಸಿರು ತಡೆದರೆ ಸಾಕು. ಆದರೆ ಇದನ್ನು ತಪ್ಪಾಗಿ ತಿಳಿದುಕೊಂಡವರು ಬಹಳ ಜನ. ಕೆಲವರು ಬಾಲ್ ರಿಂಗ್‌ನೊಳಗೆ ಹೋಗುತ್ತದಾ ಅಂತ ಕಾದು, ಹೋದರೆ ಸುಮ್ಮನಿದ್ದು, ಹೋಗದಿದ್ದರೆ ಊದುತ್ತಾರೆ. ಶೂಟರ್‌ನ ತೋಳಿಗೆ ಹೊಡೆತ ಬಿದ್ದು ಶಾಟ್ ಕೆಟ್ಟಿದ್ದರೆ ಬಾಲ್ ಅದೃಷ್ಟಕ್ಕೆ ಒಳಗೆ ಹೋದರೂ ಫೌಲ್. ಬ್ಯಾಸ್ಕೆಟ್ ಲೆಕ್ಕಕ್ಕೆ, ಮೇಲೆ ಒಂದು ಫ್ರೀ ಥ್ರೋ. ತಾಗಿದ್ದು ಏನೂ ಕೆಡಿಸದೆ, ಹುಡುಗ ಆರಾಮವಾಗಿ ಹೊಡೆದ ಶಾಟ್ ತಪ್ಪಿದರೆ ಅದು ಬರೀ ಮಿಸ್. ನೀವು ಕಾಯುವುದು ತಾಗಿದ್ದರ ಪರಿಣಾಮಕ್ಕೆ, ಶಾಟ್‌ನ ಫಲಿತಾಂಶಕ್ಕೆ ಅಲ್ಲ. ಇದನ್ನು ಕೋಚ್‌ಗಳು ಬಹಳ ಬೇಗ ಗುರುತಿಸುತ್ತಾರೆ. ಗುರುತಿಸಿದ ಮೇಲೆ ನಿಮ್ಮ ಸೀಟಿಗೆ ಬೆಲೆ ಇರುವುದಿಲ್ಲ.

ಸದ್ದು ಕೇಳಿ ಊದಬೇಡಿ. ಚಟ್ ಅಂತ ಸದ್ದು ಬಾಲ್ ಮೇಲೆ ಕೈ ಬಿದ್ದದ್ದೂ ಆಗಿರಬಹುದು. ಬಿದ್ದದ್ದು ನೋಡಿಯೂ ಊದಬೇಡಿ. ಮಳೆಗಾಲದ ಪಂದ್ಯಗಳಲ್ಲಿ ಬೆಳಗಾವಿ ಕಡೆ ಸಿಮೆಂಟ್ ಒದ್ದೆ, ವಿಜಯಪುರದ ಬಯಲಲ್ಲಿ ಗಾಳಿಗೆ ಬಂದು ಕೂತ ಧೂಳು. ಎರಡರಲ್ಲೂ ಕಾಲು ಜಾರುತ್ತದೆ. ಇನ್ನು ಬೇಕೆಂದೇ ಬೀಳುವವರೂ ಇದ್ದಾರೆ. ಅದಕ್ಕೆ ನಿಯಮದಲ್ಲಿ ಎಚ್ಚರಿಕೆ ಇದೆ, ಮತ್ತೆ ಮಾಡಿದರೆ ಟೆಕ್ನಿಕಲ್ ಫೌಲ್ (ತಾಗುವಿಕೆಗಲ್ಲ, ನಡತೆಯ ತಪ್ಪಿಗೆ ಕೊಡುವ ಫೌಲ್) ಇದೆ. ಧೈರ್ಯವಾಗಿ ಬಳಸಿ.

ಮಕ್ಕಳ ವಯಸ್ಸು ನೋಡಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೋಡಬೇಕು. ಆಟಗಾರರ ಸಾಮರ್ಥ್ಯ ಗಮನಿಸಿ ಸಾಮಾನ್ಯ ಬುದ್ಧಿ ಬಳಸಿ ಅಂತ ನಿಯಮವೇ ಹೇಳುತ್ತದೆ. ಹದಿಮೂರು ವರ್ಷದ ಹುಡುಗಿಯ ಡ್ರಿಬಲ್ ಸಣ್ಣ ತಾಗುವಿಕೆಗೂ ಕೈ ತಪ್ಪುತ್ತದೆ. ಅದೇ ತಾಗುವಿಕೆ ವಿಟಿಯು ಅಥವಾ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯದಲ್ಲಿ ಆಡುವ ಹುಡುಗನಿಗೆ ಗೊತ್ತೇ ಆಗುವುದಿಲ್ಲ. ಅಳತೆಗೋಲು ಒಂದೇ, ಪರಿಣಾಮ. ಪರಿಣಾಮ ಬೇರೆ ಬೇರೆ ಆಗುವುದರಿಂದ ತೀರ್ಪೂ ಬೇರೆ ಆಗುತ್ತದೆ. ಒಂದೇ ಪಂದ್ಯದಲ್ಲಿ ಮಾತ್ರ ಎರಡೂ ಕಡೆಯ ರಿಂಗ್‌ಗೆ, ಮೊದಲ ನಿಮಿಷಕ್ಕೂ ಕೊನೇ ನಿಮಿಷಕ್ಕೂ ಒಂದೇ ಮಟ್ಟ ಇರಲಿ. ಹಾಗಂತ ಚಿಕ್ಕವರು ಅಂತ ಎಲ್ಲದಕ್ಕೂ ಊದಿದರೆ ಏನಾಗುತ್ತದೆ? ಒಂದು ಕ್ವಾರ್ಟರಿನಲ್ಲಿ ತಂಡದ ನಾಲ್ಕು ಫೌಲ್ ಆದ ಮೇಲೆ ಡಿಫೆನ್ಸ್ ಮಾಡುವ ಪ್ರತಿ ಫೌಲ್‌ಗೂ ಎರಡು ಫ್ರೀ ಥ್ರೋ. ಆಟಗಾರನಿಗೆ ಐದು ಫೌಲ್ ಆದರೆ ಅವನು ಹೊರಗೆ. ಮಕ್ಕಳು ಆಡಲು ಬಂದವರು, ಫ್ರೀ ಥ್ರೋ ಸಾಲಿನಲ್ಲಿ ನಿಂತು ಮನೆಗೆ ಹೋಗಬಾರದು.

ಕೋಚ್ ಬಂದು ಕೇಳಿದರೆ ಒಂದೇ ಮಾತು ಸಾಕು: "ನೋಡಿದೆ ಸರ, ತಾಗಿದ್ದು ಹೌದು, ಕೈ ನೇರ ಮೇಲಿತ್ತು." ಉದ್ದ ವಾದ ಬೇಡ. ಒಂದು ಬಿಟ್ಟಿರಿ ಅಂತ ಮುಂದಿನದನ್ನು ಸರಿದೂಗಿಸಲು ಊದುವುದಂತೂ ಬೇಡವೇ ಬೇಡ. ಆಗ ಎರಡು ತಂಡಕ್ಕೂ ಅನ್ಯಾಯ ಮಾಡಿದ ಹಾಗೆ.

ಕಣ್ಣು ಪಳಗಿಸಲು ಒಂದು ಉಪಾಯ ಇದೆ. ತಾಲೂಕಿನ ನಾಲ್ಕಾರು ದೈಹಿಕ ಶಿಕ್ಷಕರು ಸೇರಿ. ಪಂದ್ಯದ ವಿಡಿಯೋ ಮೊಬೈಲ್‌ನಲ್ಲೇ ಇದ್ದರೂ ಸರಿ. ಒಂದು ಡಿಕ್ಕಿ ಬಂದ ಕೂಡಲೇ ನಿಲ್ಲಿಸಿ. ಪ್ರತಿಯೊಬ್ಬರೂ ಫೌಲ್ ಅಂತಲೋ ಇಲ್ಲ ಅಂತಲೋ ಚೀಟಿಯಲ್ಲಿ ಬರೆಯಲಿ, ಕಾರಣವನ್ನೂ ಬರೆಯಲಿ. ಆಮೇಲೆ ಸದ್ದಿಲ್ಲದೆ ನಿಧಾನಕ್ಕೆ ಮತ್ತೆ ಓಡಿಸಿ ನೋಡಿ. ಸದ್ದು ತೆಗೆದು ನೋಡುವುದು ಮುಖ್ಯ, ಪ್ರೇಕ್ಷಕರ ಕೂಗು ಎಷ್ಟು ಪ್ರಭಾವ ಬೀರಿತ್ತು ಅಂತ ಗೊತ್ತಾಗುತ್ತದೆ. ನಮ್ಮ ಕಡೆ ಜನ ಪ್ರೀತಿಯಿಂದ ಬಂದು ನೋಡುತ್ತಾರೆ, "ಏ ಸರ, ಫೌಲ್ ಐತ್ರೀ, ಊದ್ರೀ!" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಕೂಗಲಿ. ನಿಮ್ಮ ಕಣ್ಣು ಪಾದದ ಮೇಲಿರಲಿ.

ಕೊನೆಯದಾಗಿ, ನಿಮ್ಮ ಅಂಕಣದಲ್ಲಿ ರಿಂಗ್ ಕೆಳಗೆ ನೋ-ಚಾರ್ಜ್ ಅರ್ಧವೃತ್ತ ಇದೆಯಾ ನೋಡಿ. ನಮ್ಮ ಕಡೆಯ ಹಳೇ ಅಂಕಣಗಳಲ್ಲಿ ಇದು ಕಾಣುವುದು ಕಡಿಮೆ. ಬಾಲ್ ಹಿಡಿದು ಗಾಳಿಗೆ ಏರಿ ಬಂದವನು ಈ ಅರ್ಧವೃತ್ತದೊಳಗೆ ನಿಂತ ಡಿಫೆಂಡರ್‌ಗೆ ಡಿಕ್ಕಿ ಹೊಡೆದರೆ ಚಾರ್ಜ್ ಕೊಡುವಂತಿಲ್ಲ, ಏರಿ ಬಂದವನು ಕೈಯಿಂದ ತಳ್ಳಿದ್ದರೆ ಅಥವಾ ಕಾಲು ಚಾಚಿದ್ದರೆ ಮಾತ್ರ ಬೇರೆ. ಗೆರೆಯೇ ಇಲ್ಲದಿದ್ದರೆ ನೀವು ಯಾವ ಧೈರ್ಯದಲ್ಲಿ ಚಾರ್ಜ್ ಕೊಡುತ್ತೀರಿ, ಯಾವ ಆಧಾರದಲ್ಲಿ ಬಿಡುತ್ತೀರಿ? ಎಳೆಯುವುದು ಕಷ್ಟವಲ್ಲ. ಬೇಸ್‌ಲೈನ್‌ನ ಒಳ ಅಂಚಿನಿಂದ 1.575 ಮೀಟರ್ ಅಳೆದು ರಿಂಗ್‌ನ ನಡುಮಧ್ಯದ ಕೆಳಗೆ ಒಂದು ಗುರುತು ಹಾಕಿ. ಅಲ್ಲಿ ಹಗ್ಗದ ಒಂದು ತುದಿ ಹಿಡಿದು 1.25 ಮೀಟರ್‌ಗೆ ಅರ್ಧವೃತ್ತ ತಿರುಗಿಸಿ. ಅದು ಗೆರೆಯ ಒಳ ಅಂಚು. ಎರಡೂ ತುದಿಯಿಂದ ಬೇಸ್‌ಲೈನ್ ಕಡೆಗೆ 37.5 ಸೆಂಟಿಮೀಟರ್ ನೇರ ಗೆರೆ. ಅದು ಬೋರ್ಡಿನ ಮುಂಭಾಗದ ಕೆಳಗೆ ಬಂದು ನಿಲ್ಲುತ್ತದೆ. ಗೆರೆಯ ಅಗಲ 5 ಸೆಂಟಿಮೀಟರ್, ಗೆರೆಯೂ ಅರ್ಧವೃತ್ತಕ್ಕೇ ಸೇರಿದ್ದು. ಬಣ್ಣ ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಬರೆಯಿರಿ. ಸುಣ್ಣದ ಪುಡಿ ಮಾತ್ರ ಹಾಕಬೇಡಿ, ಸಿಮೆಂಟ್ ಮೇಲೆ ಅದು ಜಾರುತ್ತದೆ.